ಶಾಲೆಯ ಗೋಡೆಗೆ ಸರ್ ಸಿ. ವಿ. ರಾಮನ್ ಭಾವಚಿತ್ರ: ಸ್ಕ್ಯಾನ್, ಮುದ್ರಣ, ಕಟ್ಟು

ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28 ಹತ್ತಿರ ಬಂದಾಗ ಇಂಟರ್ನೆಟ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಚಿತ್ರವನ್ನೇ ಇಳಿಸಿಕೊಂಡು ಫ್ಲೆಕ್ಸ್ ಅಂಗಡಿಗೆ ಕೊಟ್ಟರೆ ಗೋಡೆ ಮೇಲೆ ಬರುವುದು ಬಿಳಿ ಮುದ್ದೆಯಂಥ ಪೇಟ, ಕಪ್ಪು ಮುದ್ದೆಯಂಥ ಕೋಟು, ನಡುವೆ ಮಸುಕು ಮುಖ. ಕಪ್ಪು-ಬಿಳುಪು ಭಾವಚಿತ್ರದಲ್ಲಿ ಕಷ್ಟವಿರುವುದೇ ಈ ಎರಡು ತುದಿಗಳಲ್ಲಿ. ಅವನ್ನು ಉಳಿಸಿಕೊಂಡರೆ ಮುಖ ತಾನಾಗಿಯೇ ಸರಿಹೋಗುತ್ತದೆ.

ಮೊದಲು ಅಳತೆ. ಎ3 ಹಾಳೆ 29.7 × 42 ಸೆಂ.ಮೀ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3508 × 4961 ಪಿಕ್ಸೆಲ್ ಬೇಕು. ಐದಾರು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಅದರ ಅರ್ಧ, ಅಂದರೆ 1754 × 2480 ಇದ್ದರೂ ನಡೆಯುತ್ತದೆ. 600 ಪಿಕ್ಸೆಲ್ ಅಗಲದ ಚಿತ್ರವನ್ನು 4 ಇಂಚಿಗಿಂತ ದೊಡ್ಡದು ಮಾಡಬೇಡಿ. ಎಐ ಆ್ಯಪ್‌ನಲ್ಲಿ ಹಿಗ್ಗಿಸಿದರೆ ಅದು ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ: ಕಣ್ಣಿನ ಆಕಾರ, ತುಟಿ, ಸುಕ್ಕು ಎಲ್ಲ ಬದಲಾಗಿ, ರಾಮನ್‌ರನ್ನು ಹೋಲುವ ಬೇರೆ ಯಾರೋ ಬಂದು ಕೂರುತ್ತಾರೆ. ಬಣ್ಣ ತುಂಬಿಸುವುದೂ ಬೇಡ. ಕೋಟಿನ ಬಣ್ಣ ಆ ಫೋಟೊದಲ್ಲಿ ದಾಖಲಾಗಿಯೇ ಇಲ್ಲ.

ಹಕ್ಕಿನ ವಿಷಯವನ್ನೂ ನೋಡಿಕೊಳ್ಳಿ. ಭಾರತದಲ್ಲಿ 1958ಕ್ಕೆ ಮುಂಚೆ ತೆಗೆದ ಫೋಟೊಗಳಿಗೆ ತೆಗೆದ ದಿನದಿಂದ 50 ವರ್ಷ, ಆಮೇಲಿನವಕ್ಕೆ ಪ್ರಕಟವಾದ ಮೇಲೆ 60 ವರ್ಷ ಕಾಪಿರೈಟ್. ನೊಬೆಲ್ ಬಂದ 1930ರ ಸುಮಾರಿಗೆ ಇಲ್ಲಿ ತೆಗೆದ ಚಿತ್ರ ಆರಿಸಿಕೊಂಡರೆ ತಲೆನೋವಿಲ್ಲ.

ಹಳೆಯ ಪ್ರಿಂಟೇ ಕೈಗೆ ಸಿಕ್ಕರೆ ಅಂಚು ಹಿಡಿದೇ ಎತ್ತಿ. ಒದ್ದೆ ಬಟ್ಟೆ ತಾಗಿಸಬೇಡಿ, ಮೇಲಿನ ಜಿಲೆಟಿನ್ ಪದರ ಉಬ್ಬಿ ಕಿತ್ತು ಬರುತ್ತದೆ. ಮೃದುವಾದ ಬ್ರಷ್, ಗಾಳಿ ಊದುವ ರಬ್ಬರ್ ಬಲ್ಬ್ ಸಾಕು. ಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. 4 × 6 ಇಂಚಿನ ಪ್ರಿಂಟನ್ನು ಇಂಚಿಗೆ 600 ಪಿಕ್ಸೆಲ್ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್ ಸಿಗುತ್ತದೆ. ಉಳಿಸುವುದು ಟಿಫ್‌ನಲ್ಲಿ (TIFF, ಚಿತ್ರದ ವಿವರ ಕಳೆಯದ ಫೈಲ್ ಬಗೆ). ಸ್ಕ್ಯಾನರಿನ ‘ಆಟೋ’ ಬಟನ್ ಆಫ್ ಮಾಡಿ, ಕಪ್ಪು-ಬಿಳುಪಾದರೂ ಕಲರ್ ಮೋಡನ್ನೇ ಇಡಿ. ಕಾರಣವಿದೆ: ಕಲರ್ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿ, ಅಂದರೆ ಚಾನೆಲ್‌ಗಳಾಗಿ ಉಳಿಯುತ್ತದೆ. ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಆ ಕೆಂಪು ಚಾನೆಲ್ಲನ್ನೇ ಗ್ರೇಸ್ಕೇಲ್ (ಕಪ್ಪು-ಬಿಳುಪು) ಚಿತ್ರ ಮಾಡಿಕೊಂಡರೆ ಅರ್ಧ ರಿಪೇರಿ ಮುಗಿದಂತೆ. ಪುಸ್ತಕದಿಂದ ತೆಗೆದ ಚಿತ್ರದಲ್ಲಿ ಮುದ್ರಣದ ಚುಕ್ಕಿಗಳಿರುತ್ತವೆ. 1200ರಲ್ಲಿ ಸ್ಕ್ಯಾನ್ ಮಾಡಿ, ಚುಕ್ಕಿ ಕರಗುವಷ್ಟೇ ಬ್ಲರ್ ಕೊಟ್ಟು, ಆಮೇಲೆ ಅಳತೆ ಇಳಿಸಿ. ನೇರವಾಗಿ ಇಳಿಸಿದರೆ ಅಲೆ ಅಲೆ ಪಟ್ಟೆ ಬೀಳುತ್ತದೆ.

ಈಗ ಜಿಂಪ್ ಅಥವಾ ಫೋಟೋಶಾಪ್‌ನಲ್ಲಿ ಬೆಳಕು-ಕತ್ತಲನ್ನು ಹೊಂದಿಸುವ ಕರ್ವ್ಸ್ ತೆರೆಯಿರಿ. ಮೊದಲು ಪೇಟ: ಅದರ ಅತಿ ಬೆಳಕಿನ ಮಡಿಕೆ 255ರ ಅಳತೆಯಲ್ಲಿ (0 ಅಂದರೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ) 240ರ ಆಸುಪಾಸಿನಲ್ಲಿ ನಿಲ್ಲಲಿ. 255 ಮುಟ್ಟಿದರೆ ಆ ಜಾಗದಲ್ಲಿ ಶಾಯಿಯೇ ಬೀಳದೆ ಬರೀ ಕಾಗದ ಕಾಣುತ್ತದೆ. ಆಮೇಲೆ ಕೋಟು: ಕಾಲರಿನ ಅಂಚು ಎದೆಯ ಭಾಗದಿಂದ ಬೇರೆಯಾಗಿ ಕಾಣುವ ಹಾಗೆ ಕಡುಗಪ್ಪನ್ನು 20ರ ಸುತ್ತ ಇಡಿ. ಹೊಳಪಿಲ್ಲದ ಮ್ಯಾಟ್ ಕಾಗದ ಕಪ್ಪನ್ನು ನುಂಗುತ್ತದೆ, ಅದಕ್ಕೆ ಇನ್ನೂ ಐದು ಅಂಕ ಏರಿಸಿ. ಮುಖಕ್ಕೆ ಕೈ ಹಾಕುವುದು ಕೊನೆಗೆ, ಅದೂ ಧೂಳಿನ ಚುಕ್ಕಿ, ಗೀರು ತೆಗೆಯಲು ಮಾತ್ರ. ಚರ್ಮ ನುಣುಪು ಮಾಡುವ ಫಿಲ್ಟರ್ ಕಡೆ ತಿರುಗಿಯೂ ನೋಡಬೇಡಿ.

ಫ್ಲೆಕ್ಸ್ ಬಿಡಿ, ಪಿಗ್ಮೆಂಟ್ ಇಂಕ್‌ನಲ್ಲಿ (ಬಣ್ಣದ ನುಣ್ಣನೆ ಕಣಗಳಿರುವ ಶಾಯಿ) ಮ್ಯಾಟ್ ಕಾಗದದ ಮೇಲೆ ಮುದ್ರಿಸಿ. ಕಪ್ಪು-ಬಿಳುಪು ಚಿತ್ರ ಕಲರ್ ಇಂಕ್‌ನಲ್ಲಿ ಬಂದಾಗ ಹಸಿರು ಇಲ್ಲವೇ ನೇರಳೆ ಛಾಯೆ ಹೊಡೆಯುವುದುಂಟು. ಪೇಟ-ಮುಖ-ಕಾಲರ್ ಇರುವ ಅಂಗೈಯಗಲದ ತುಂಡನ್ನು ಮೊದಲು ಮುದ್ರಿಸಿ, ಹಗಲು ಬೆಳಕಿನಲ್ಲಿ ನೋಡಿ.

ಕಟ್ಟು ಹಾಕಿಸುವಾಗ ಚಿತ್ರಕ್ಕೂ ಗಾಜಿಗೂ ನಡುವೆ, ಕಿಟಕಿಯಂತೆ ಕತ್ತರಿಸಿದ 2 ಮಿ.ಮೀ. ದಪ್ಪದ ರಟ್ಟು, ಅಂದರೆ ಮೌಂಟ್ ಬೋರ್ಡ್ ಇರಲೇಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೆ ತಾಗಿದ ಪ್ರಿಂಟ್ ಅಂಟಿಕೊಳ್ಳದೆ ಇರದು. ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಮೇಲಿನ ಅಂಚಿಗೆ ಮಾತ್ರ ಆಸಿಡ್ ಇಲ್ಲದ ಪೇಪರ್ ಟೇಪ್ ಹಚ್ಚಿ, ಕಾಗದ ಹಿಗ್ಗಿ ಕುಗ್ಗಲು ಜಾಗ ಬಿಡಿ. ಗೋಡೆಗೆ ಗಾಳಿಯಾಡಲು ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಬುಷ್ ಅಂಟಿಸಿ. ಇನ್ನು ಹಾರ: ಹಾಕದೆ ಇರುವವರು ನಾವಲ್ಲ, ಆದ್ದರಿಂದ ಅದಕ್ಕೆ ಗೋಡೆಯಲ್ಲಿ ಬೇರೆಯದೇ ಎರಡು ಮೊಳೆ ಹೊಡೆದು, ಹಾರ ಕಟ್ಟಿಗೆ ತಾಗದಂತೆ ಇಳಿಬಿಡಿ. ಒದ್ದೆ ಹೂವಿನ ನೀರು ಕಟ್ಟಿನ ಕೆಳ ಅಂಚಿನಲ್ಲೇ ಒಳಗಿಳಿಯುವುದು.

ಚಿತ್ರದ ಕೆಳಗಿನ ಬರಹದಲ್ಲಿ ಮಾಮೂಲಿ ತಪ್ಪು ಎರಡು. ಫೆಬ್ರವರಿ 28 ಅವರ ಹುಟ್ಟುಹಬ್ಬವಲ್ಲ, ಅದು 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದ ದಿನ. ಹುಟ್ಟಿದ್ದು 1888ರ ನವೆಂಬರ್ 7. ಆ ಶೋಧ ನಡೆದದ್ದು ಬೆಂಗಳೂರಿನಲ್ಲಲ್ಲ, ಕೋಲ್ಕತ್ತದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಬಂದದ್ದು 1933ರಲ್ಲಿ. ಫೋಟೊ ತೆಗೆದವರ ಹೆಸರು ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ‘ಛಾಯಾಗ್ರಾಹಕರ ಹೆಸರು ತಿಳಿದಿಲ್ಲ’ ಎಂದೇ ಹಾಕಿ.