ಸತ್ತರೆ ಸಾಲ ತೀರುತ್ತದೆ, ಬದುಕಿ ಮಲಗಿಬಿಟ್ಟರೆ?

ಭಾವನಿಗೆ ಲಕ್ವ ಹೊಡೆದಾಗ ಆಸ್ಪತ್ರೆ ಬಿಲ್ಲನ್ನು ಹೆಲ್ತ್ ಇನ್ಶೂರೆನ್ಸ್ ನೋಡಿಕೊಂಡಿತು. ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ಬಲಗೈ ಎತ್ತೋಕಾಗಲ್ಲ, ಕೆಲಸವಿಲ್ಲ, ಆದರೆ 5ನೇ ತಾರೀಕು ಬಂದರೆ ಸಾಲದ ಇಎಂಐ ಕಟ್ಟಲೇಬೇಕು. ಅಕ್ಕ ಒಡವೆ ಅಡವಿಟ್ಟು ಏಳು ತಿಂಗಳು ಕಟ್ಟಿದಳು. ಸಾಲ ತಗೊಂಡಾಗ ಬ್ಯಾಂಕಿನಲ್ಲಿ ಕೊಟ್ಟಿದ್ದ ಪಾಲಿಸಿ ಕಾಗದವನ್ನು ನನ್ನ ಕೈಗಿಟ್ಟು, "ಇದ್ರಲ್ಲಿ ಏನಾದ್ರೂ ಬರುತ್ತಾ ನೋಡೋ" ಅಂದಳು. ಪೂರ್ತಿ ಓದಿದೆ. ಭಾವ ತೀರಿಕೊಂಡಿದ್ದರೆ ಮಾತ್ರ ದುಡ್ಡು ಬರುತ್ತಿತ್ತು. ಇದನ್ನು ಅಕ್ಕನಿಗೆ ಹೇಗೆ ಹೇಳೋದು?

ಮರುವರ್ಷ ನಾನು ಮೈಸೂರಲ್ಲಿ ಮನೆಗೆ ಸಾಲ ಮಾಡಿದೆ. 40 ಲಕ್ಷ, 20 ವರ್ಷ, ಶೇ 8.5 ಬಡ್ಡಿ, ಇಎಂಐ 34,700 ಚಿಲ್ಲರೆ. ಸಹಿ ಹಾಕುವ ದಿನ ಬ್ಯಾಂಕಿನವರು ನನಗೂ ಅದೇ ಥರದ ಪಾಲಿಸಿಯ ಫಾರಂ ಕೊಟ್ಟರು. "ಪ್ರೀಮಿಯಂ 1.2 ಲಕ್ಷ ಸಾರ್, ಕೈಯಿಂದ ಕೊಡೋದೇ ಬೇಡ, ಸಾಲಕ್ಕೇ ಸೇರಿಸ್ತೀವಿ." ಫೋನಿನಲ್ಲೇ ಲೆಕ್ಕ ಹಾಕಿದೆ. ತಿಂಗಳಿಗೆ 1,040 ರೂಪಾಯಿ ಜಾಸ್ತಿ, 20 ವರ್ಷಕ್ಕೆ ಹತ್ತಿರಹತ್ತಿರ 2.5 ಲಕ್ಷ! ಕಡ್ಡಾಯನಾ ಅಂತ ಕೇಳಿದರೆ "ಹಾಗೇನಿಲ್ಲ, ಎಲ್ಲರೂ ತಗೋತಾರೆ" ಅಂದರು. ಕಡ್ಡಾಯ ಅಂತಿದ್ದರೆ ಬರೆದುಕೊಡಿ ಅಂದೆ. ಫಾರಂ ಸುಮ್ನೆ ಫೈಲಿನೊಳಗೆ ವಾಪಸ್ ಹೋಯಿತು.

ಬದಲಿಗೆ ಬೇರೆಯಾಗಿ 75 ಲಕ್ಷದ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ನಾನು ಸತ್ತರೆ ಮನೆಯವರಿಗೆ ದುಡ್ಡು ಬರುವಂಥದ್ದು, ಮಾಡಿಸಿದೆ. ಅರ್ಜಿಯಲ್ಲಿ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, ಅದೇ 1874ರದ್ದು, ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಆ ಹಣ ಹೆಂಡತಿ ಮಕ್ಕಳದ್ದೇ, ಸಾಲ ಕೊಟ್ಟವರು ಅದಕ್ಕೆ ಕೈ ಹಾಕೋಕಾಗಲ್ಲ. ಪಾಲಿಸಿ ತಗೊಳ್ಳುವಾಗಲೇ ಹಾಕಬೇಕು, ಆಮೇಲೆ ನೆನಪಾದರೆ ಆಗಲ್ಲ.

ತಲೆ ಕೆಡಿಸಿಕೊಂಡಿದ್ದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಗೆ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಸಲ ಇಡೀ ಮೊತ್ತ ಕೊಡುತ್ತಾರೆ, ಅದರಲ್ಲಿ ಇಎಂಐ ಆದರೂ ಕಟ್ಟಿ, ಅಕ್ಕಿ ಆದರೂ ತನ್ನಿ. ನಾನು 25 ಲಕ್ಷಕ್ಕೆ ಮಾಡಿಸಿದೆ, ಸುಮಾರು ಆರು ವರ್ಷದ ಕಂತು. ಆದರೆ ಎಷ್ಟು ಕಾಯಿಲೆ ಅನ್ನೋ ಸಂಖ್ಯೆ ನೋಡಿ ಮರುಳಾಗಬೇಡಿ. ನಾನು ಎರಡು ಸಂಜೆ ಪೆನ್ಸಿಲ್ ಹಿಡಿದು ವಿವರಣೆಗಳನ್ನು ಓದಿದೆ. ಬೈಪಾಸ್ ಅಂದರೆ ಬೈಪಾಸ್ ಆಪರೇಷನ್ನೇ ಆಗಿರಬೇಕು, ಬರೀ ಸ್ಟೆಂಟ್ ಹಾಕಿದರೆ ಆ ಲೆಕ್ಕಕ್ಕಿಲ್ಲ. ಲಕ್ವದ ತೊಂದರೆ ಮೂರು ತಿಂಗಳಾದರೂ ಉಳಿದಿರಬೇಕು. ತೀರಾ ಶುರುವಿನ ಹಂತದ ಕ್ಯಾನ್ಸರ್ ಬರಲ್ಲ. ಪಾಲಿಸಿ ಮಾಡಿಸಿದ ಮೊದಲ 90 ದಿನದಲ್ಲಿ ಕಾಯಿಲೆ ಬಂದರೆ ಇಲ್ಲ, ಕಾಯಿಲೆ ಗೊತ್ತಾದ ಮೇಲೆ 30 ದಿನ ಬದುಕಿರಬೇಕು. ಭಾವನ ಕೇಸಿಗೆ ಇದು ಸಿಗುತ್ತಿತ್ತು, ಅದೇ ಸಂಕಟ. ನನ್ನ ಬಿಪಿ ಮಾತ್ರೆ ವಿಷಯ ಬರೀಬೇಡಿ ಅಂತ ಏಜೆಂಟ್ ಹೇಳಿದ. ಬರೆದೆ. ಪ್ರೀಮಿಯಂ ಸ್ವಲ್ಪ ಏರಿತು, ಏರಲಿ.

ಕೆಲಸ ಹೋದರೆ ಇಎಂಐ ಕಟ್ಟುವ ಪಾಲಿಸಿಯನ್ನೂ ನೋಡಿದೆ. ಮೂರೇ ಕಂತು, ಅದೂ ನಾವಾಗಿ ರಾಜೀನಾಮೆ ಕೊಟ್ಟಿದ್ದರೆ ಇಲ್ಲ. ನಮ್ಮ ಕಡೆ ಕಂಪನಿಗಳು ತೆಗೆಯುವಾಗ ರಾಜೀನಾಮೆ ಬರೆಸಿಕೊಂಡೇ ತಾನೇ ಕಳಿಸುವುದು? ಅದನ್ನು ಬಿಟ್ಟು ಆರು ಕಂತಿನಷ್ಟು, ಅಂದರೆ 2.1 ಲಕ್ಷ, ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆ. ಸಾಲ ಇರುವ ಬ್ಯಾಂಕಿನಲ್ಲಿ ಬೇಡ ಅನ್ನಿಸಿತು. ಅದನ್ನು ಕೂಡಿಸೋಕೇ ಹದಿನಾಲ್ಕು ತಿಂಗಳು ಹಿಡಿಯಿತು, ಮಧ್ಯೆ ಎರಡು ಸಲ ಸ್ಕೂಟರಿಗೆ ಅಂತ ಕೈ ಹಾಕೋಕೆ ಹೋಗಿ ಬೈಸಿಕೊಂಡೆ.

ಎಲ್ಲ ಕಾಗದ ಒಂದು ಫೈಲಿಗೆ ಹಾಕಿ, ಯಾವುದು ಯಾವಾಗ ಅಂತ ಹೆಂಡತಿಗೆ ತೋರಿಸಿದೆ. ಕೇಳಿಸಿಕೊಂಡು, "ಸರಿ ರೀ, ನಂಗೇ ಏನಾದ್ರೂ ಆದ್ರೆ?" ಅಂದಳು. ಇಎಂಐನಲ್ಲಿ 15,000 ಅವಳ ಸಂಬಳದಿಂದ ಹೋಗುತ್ತದೆ, ನಾನು ಆ ಕಡೆ ಯೋಚನೆಯೇ ಮಾಡಿರಲಿಲ್ಲ. ಬರುವ ಶನಿವಾರ ಅವಳ ಮೆಡಿಕಲ್ ಟೆಸ್ಟ್. ಖಾಲಿ ಹೊಟ್ಟೆಯಲ್ಲಿ ಬರೋಕೆ ಹೇಳಿದ್ದಾರೆ.