ಹೊಟ್ಟೆಯ ಆರ್ಟರಿ ಕೆಳಗಿಳಿಸಿದ್ದು: ನನ್ನ ಅನುಭವ

ಪೆಟ್ಟು ಬಿದ್ದು ರಕ್ತ ಸಾಲದೆ ಶಿಶ್ನ ನಿಮಿರದವರಿಗೆ, ಹೊಟ್ಟೆಯ ಆರ್ಟರಿಯನ್ನು ಕೆಳಗಿಳಿಸಿ ಶಿಶ್ನಕ್ಕೆ ಜೋಡಿಸುವ ಆಪರೇಷನ್ ನಾನು ಮಾಡುತ್ತೇನೆ. "ಇದೆಲ್ಲ ಬಾಳಿಕೆ ಬರಲ್ಲ ಮಾರಾಯ, ಸುಮ್ನೆ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಸಾಧನ) ಹಾಕಿ ಕಳಿಸು" ಎಂದವರೇ ಜಾಸ್ತಿ. ಪ್ರಾಗ್‌ನಲ್ಲಿ ಸರ್ಜನ್ ವಾಕ್ಲಾವ್ ಮಿಖಾಲ್ 1973ರಲ್ಲಿ ಶುರು ಮಾಡಿದ ಬೈಪಾಸ್ ಇದು. ಸಿಕ್ಕಸಿಕ್ಕವರಿಗೆಲ್ಲ ಮಾಡಿದ್ದರಿಂದಲೇ ಹೆಸರು ಕೆಟ್ಟಿತು ಅನ್ನೋದು ನನ್ನ ವಾದ.

ಶುಗರ್ ಇರುವವರು, ಸಿಗರೇಟು ಬಿಡದವರು, ವೀನಸ್ ಲೀಕ್ (ಬಂದ ರಕ್ತ ನಿಲ್ಲದೆ ವೇನಿನಿಂದ ಸೋರಿಹೋಗುವುದು) ಇರುವವರು ನನ್ನ ಟೇಬಲ್ ಹತ್ತುವುದಿಲ್ಲ. ಬೈಕಿನಿಂದ ಬಿದ್ದು ಪೆಲ್ವಿಸ್ (ಸೊಂಟದ ಮೂಳೆ) ಮುರಿದುಕೊಂಡ, ಮೂವತ್ತರ ಆಸುಪಾಸಿನ ಯುವಕರು ಮಾತ್ರ. ಅವರಲ್ಲೂ ಕೆಲವರಿಗೆ ತಾನಾಗಿಯೇ ಸರಿಹೋಗುತ್ತದೆ, ಹಾಗಾಗಿ ವರ್ಷವಾದರೂ ಕಾಯುತ್ತೇನೆ. ನಿಮಿರುವಂತೆ ಇಂಜೆಕ್ಷನ್ ಕೊಟ್ಟು ಡಾಪ್ಲರ್ (ರಕ್ತದ ಹರಿವು ಅಳೆಯುವ ಸ್ಕ್ಯಾನ್) ನೋಡಿದಾಗ ಹರಿವು ಸೆಕೆಂಡಿಗೆ 25 ಸೆಂ.ಮೀ. ದಾಟದಿದ್ದರೆ ಆಂಜಿಯೋಗ್ರಾಮ್, ಅಂದರೆ ರಕ್ತನಾಳದ ಎಕ್ಸ್-ರೇ ಚಿತ್ರ. ಮೂವತ್ತು ಸಾವಿರದ ಆಚೀಚೆ ಆಗುತ್ತದೆ. "ಸಾರ್, ಬರೀ ಫೋಟೋಗೇ ಇಷ್ಟಾ?" ಎಂದು ಒಬ್ಬ ಎದ್ದೇ ಹೋದ.

ಮೊದಮೊದಲು ಹೊಟ್ಟೆಯ ಆರ್ಟರಿಯನ್ನು ಡಾರ್ಸಲ್ ವೇನಿಗೆ (ಶಿಶ್ನದ ಮೇಲ್ಬದಿಯ ಅಭಿಧಮನಿ) ಜೋಡಿಸುತ್ತಿದ್ದೆ. ಒಬ್ಬನಿಗೆ ತುದಿ ಊದಿ ಕೆಂಪಗಾಯಿತು. ಮತ್ತೆ ತೆರೆದು ಆ ವೇನಿನ ತುದಿಯ ಕಡೆ ಹೋಗುವ ಕವಲು ಕಟ್ಟಬೇಕಾಯಿತು, ಎರಡನೇ ಸಲದ ಫೀಸು ಕೇಳಲು ಮುಖವಿರಲಿಲ್ಲ. ಇನ್ನೊಬ್ಬನಿಗೆ ವಾರಕ್ಕೆ ಚೆನ್ನಾಗಿ ಹರಿದದ್ದು ಮೂರು ತಿಂಗಳಿಗೆ ಮುಚ್ಚಿಕೊಂಡಿತು. ಆಮೇಲೆ ಅದರ ಪಕ್ಕದ ಡಾರ್ಸಲ್ ಆರ್ಟರಿಗೇ ಬಂದೆ. ಒಂದು ಮಿಲಿಮೀಟರ್ ದಪ್ಪ ಇದ್ದರೆ ನಮ್ಮ ಪುಣ್ಯ. ಮೈಕ್ರೋಸ್ಕೋಪ್ ಕಣ್ಣಿನ ವಿಭಾಗದ್ದು, ಎರವಲು. 10-0 ನೈಲಾನ್ (ತೀರಾ ತೆಳುವಾದ ಹೊಲಿಗೆ ದಾರ) ಮಾತ್ರ ನನ್ನ ಜೇಬಿನದು, ಒಂದು ಎಳೆಗೆ ಸಾವಿರದ ಹತ್ತಿರ.

ಕೈ ಪಳಗಿಸಲು ಭಾನುವಾರ ಕೋಳಿ ತೊಡೆ ತರುತ್ತಿದ್ದೆ. ಅದರ ಆರ್ಟರಿ ಕತ್ತರಿಸಿ, ಹೊಲಿದು, ಬಣ್ಣದ ನೀರು ಬಿಟ್ಟು ಸೋರುತ್ತಾ ನೋಡುವುದು. ಮನೆಯವಳು ಆ ಕೋಳಿಯನ್ನು ಒಲೆ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ.

ಇದನ್ನು ಮಾಡಹೊರಟ ಸರ್ಜನ್‌ಗಳಿಗೆ ಒಂದು ಮಾತು: ಎಪಿಗ್ಯಾಸ್ಟ್ರಿಕ್ ಆರ್ಟರಿಯನ್ನು, ಅಂದರೆ ಕೆಳಗಿಳಿಸುವ ಆ ಹೊಟ್ಟೆಯ ಆರ್ಟರಿಯನ್ನು, ಹೊಕ್ಕುಳದವರೆಗೂ ಉದ್ದಕ್ಕೆ ಬಿಡಿಸಿ. ಬಿಗಿದುಕೊಂಡರೆ ಪಾಪಾವೆರಿನ್ (ರಕ್ತನಾಳ ಸಡಿಲಿಸುವ ಮದ್ದು) ಸುರಿದು ಸುಮ್ಮನೆ ಕೂರಿ, ಮುಟ್ಟಬೇಡಿ. ಕೆಳಗೆ ಎಳೆಯುವಾಗ ತಿರುಚದಂತೆ ನಾನು ಒಂದು ಉಪಾಯ ಮಾಡುತ್ತೇನೆ. ಅದನ್ನು ಬರೆಯಲ್ಲ, ಆಪರೇಷನ್ ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಈಚೆಗೆ ಮಾಡಿದ ಒಬ್ಬನಿಗೆ ವರ್ಷ ಕಳೆದಿದೆ. ಡಾಪ್ಲರ್‌ನಲ್ಲಿ ನಲವತ್ತರ ಹತ್ತಿರ, ಮಾತ್ರೆಯೂ ಬೇಕಿಲ್ಲ. ಆರು ವಾರ ಹೆಂಡತಿಯಿಂದ ದೂರ ಇರು ಎಂದಿದ್ದಕ್ಕೆ ತಕರಾರಿಲ್ಲದೆ ಒಪ್ಪಿದವನು, ಬೈಕ್ ಮುಟ್ಟಬೇಡ ಎಂದಿದ್ದಕ್ಕೆ ಮಾತ್ರ ಜಗಳಕ್ಕೇ ನಿಂತ.