ರೂಮ್ ಹೀಟರ್ ಅಟ್ಟ ಸೇರಿದ ಚಳಿಗಾಲ

2024ರ ಡಿಸೆಂಬರ್ ತಿಂಗಳ ಬಳಕೆಗೆ ಬಂದ ವಿದ್ಯುತ್ ಬಿಲ್ಲಿನಲ್ಲಿ 231 ಯೂನಿಟ್ ಎಂದಿತ್ತು. ಅಲ್ಲಿಯವರೆಗೆ ನಮಗೆ ಬರುತ್ತಿದ್ದುದು ಸೊನ್ನೆ ಬಿಲ್ಲು. ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಯ ಲೆಕ್ಕ ಬಲ್ಲವರಿಗೆ ಈ ಪೆಟ್ಟು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ನಮ್ಮ ಮನೆಗೆ ತಿಂಗಳಿಗೆ ಸಿಕ್ಕ ಪುಕ್ಕಟೆ ಪಾಲು 123 ಯೂನಿಟ್. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿದಿರೋ, ಮೊದಲ ಯೂನಿಟ್ಟಿನಿಂದ ಪೂರ್ತಿ ಹಣ. ಆ ತಿಂಗಳು ಸಾವಿರದ ಏಳುನೂರರ ಮೇಲೆ ಕಟ್ಟಿದೆವು.

ಕಾರಣ ಗೊತ್ತಿತ್ತು. ಮೊಣಕಾಲು ನೋವೆಂದು ಅತ್ತೆ ಬೈಲಹೊಂಗಲದ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಂದಿದ್ದರು, ಅವರ ಕೋಣೆಗೆಂದು ರೂಮ್ ಹೀಟರ್ ಕೊಂಡಿದ್ದೆವು. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಡಿಸೆಂಬರ್ ಕೊನೆಯ ರಾತ್ರಿಗಳು 12-13 ಡಿಗ್ರಿಗೆ ಇಳಿಯುತ್ತವೆ. ಊರೊಳಗಿನ ವಡಗಾವಿಯ ನಮ್ಮ ಮನೆಯ ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂದಿನ ಎರಡು ಕೋಣೆಗಳಿಗೆ ಆರ್‌ಸಿಸಿ. ಅತ್ತೆಗೆ ಕೊಟ್ಟದ್ದು ಮುಂದಿನ ಕೋಣೆ. ಹೋಗಿ ಬರುವವರು ಮಾತನಾಡಿಸಲಿ ಎಂದು.

ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಮೊದಲು ಮಾಡಿದ್ದು ಒಂದು ನೋಟ್‌ಬುಕ್ ಹಿಡಿದು ಮೀಟರಿನ ಮುಂದೆ ನಿಂತದ್ದು. ನಮ್ಮ ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 1600 ಎಂದು ಬರೆದಿದೆ. ನಿಮ್ಮದರಲ್ಲಿ 3200 ಇರಬಹುದು. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತೆಂದು ಅರ್ಥ. ಮನೆಯ ಉಳಿದೆಲ್ಲವನ್ನೂ ಆರಿಸಿ ಹೀಟರಿನ ಒಂದು ಸರಳು ಮಾತ್ರ ಹಚ್ಚಿದೆ. ನಿಮಿಷಕ್ಕೆ 27 ಮಿನುಗು. ಅಂದರೆ ಗಂಟೆಗೆ ಒಂದು ಯೂನಿಟ್. ರಾತ್ರಿ ಎರಡು ಗಂಟೆ, ನಸುಕಿನಲ್ಲಿ ಒಂದು ಗಂಟೆ ಹಚ್ಚುತ್ತಿದ್ದೆವು. ತಿಂಗಳಿಗೆ 90 ಯೂನಿಟ್ ಅಲ್ಲಿಗೇ ಹೋಯಿತು. ಗೀಸರ್ ನಿಮಿಷಕ್ಕೆ 53 ಮಿನುಗಿತು, ಅಂದರೆ ಗಂಟೆಗೆ ಎರಡು ಯೂನಿಟ್. ಆದರೆ ನೀರು ಕಾದ ಮೇಲೆ ಅದು ತಾನೇ ನಿಲ್ಲುತ್ತದೆ, ಹೀಟರ್ ನಿಲ್ಲುವುದಿಲ್ಲ. ಎಲ್ಲರೂ ಬೈಯುವುದು ಗೀಸರನ್ನು, ನಮ್ಮ ಮನೆಯ ಕಳ್ಳ ಮಾತ್ರ ಬೇರೆಯವನಾಗಿದ್ದ.

ಹೀಟರಿನ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಒಂದು ರಾತ್ರಿ ಊದಿನಕಡ್ಡಿ ಹಚ್ಚಿಕೊಂಡು ಅತ್ತೆಯ ಕೋಣೆ ಸುತ್ತಿದೆ. ಫ್ಯಾನ್ ಇಲ್ಲ, ಕಿಟಕಿ ಮುಚ್ಚಿದೆ. ಆದರೂ ಬಾಗಿಲ ಕೆಳಗೆ ಹಿಡಿದ ಕೂಡಲೇ ಹೊಗೆ ಒಳಕ್ಕೆ ಓಡಿ ಬಂತು. ಸ್ಟೂಲು ಹತ್ತಿ ಗೋಡೆಯ ತಲೆಗೆ ಹಿಡಿದಾಗ ಗೋಡೆಗೂ ಹೆಂಚಿಗೂ ನಡುವಿನ ಸಂದಿಯಲ್ಲಿ ಹೊಗೆ ಎಳೆ ಎಳೆಯಾಗಿ ಹೊರಗೆ ಜಾರಿತು. ಕೆಳಗಿನಿಂದ ಥಂಡಿ ಬರುವುದು, ಮೇಲಿನಿಂದ ನಾವು ದುಡ್ಡು ಕೊಟ್ಟ ಬಿಸಿ ಹೋಗುವುದು. "ಆರತಿ ಯಾರಿಗವ್ವಾ, ಜಂತಿಗೋ?" ಎಂದು ಅತ್ತೆ ಮಂಚದಿಂದಲೇ ಕೇಳಿದರು.

ಹೆಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಬಹುದಿತ್ತು. ದರ ಕೇಳಿ ಸುಮ್ಮನಾದೆವು. ಅದರ ಬದಲು 2025ರ ನವೆಂಬರಿನಲ್ಲಿ ಅತ್ತೆಯನ್ನೇ ಹಿಂದಿನ ಕೋಣೆಗೆ ಕರೆತಂದೆವು. ಅದರ ಸ್ಲ್ಯಾಬು ಮತ್ತು ಪಶ್ಚಿಮದ ಗೋಡೆ ಮಧ್ಯಾಹ್ನವೆಲ್ಲ ಬಿಸಿಲುಂಡು ರಾತ್ರಿ ಹತ್ತರವರೆಗೂ ಬೆಚ್ಚಗಿರುತ್ತವೆ. ಏಪ್ರಿಲ್‌ನಲ್ಲಿ ಇದೇ ಸ್ಲ್ಯಾಬಿಗೆ ಶಾಪ ಹಾಕುತ್ತೇವೆ, ಅದು ಬೇರೆ ಮಾತು. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಿಟಕಿ ತೆರೆಯುತ್ತೇನೆ, ಸಂಜೆ ಐದಕ್ಕೆ ಮೊದಲೇ ಮುಚ್ಚುತ್ತೇನೆ. ಮೊದಲು ಏಳು ಗಂಟೆಗೆ, ಸೊಳ್ಳೆ ಬರುವ ಹೊತ್ತಿಗೆ ಮುಚ್ಚುತ್ತಿದ್ದೆ. ಅಷ್ಟರಲ್ಲಿ ಥಂಡಿ ಒಳಗೆ ಬಂದು ಕುಳಿತಿರುತ್ತಿತ್ತು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯಲ್ಲಿ ಉದ್ದನೆಯ ಚೀಲ ಹೊಲಿದು ಚಿಂದಿ ತುಂಬಿ ಇಟ್ಟಿದ್ದೇನೆ. ಮಗ ಅದಕ್ಕೆ ಕಣ್ಣು ಬರೆದು ಹಾವು ಮಾಡಿದ್ದಾನೆ.

ಕೋಣೆ ಬದಲಾದರೂ ಅತ್ತೆಯ ಗೊಣಗಾಟ ನಿಲ್ಲಲಿಲ್ಲ. ಎರಡು ರಗ್ಗು ಹೊದಿಸಿದರೂ "ಬೆನ್ನಿಗೆ ಥಂಡಿ" ಎನ್ನುತ್ತಿದ್ದರು. ಬೆನ್ನಿಗೆ ಹೇಗೆ ಎಂದು ನಮಗೆ ಬಗೆಹರಿಯಲಿಲ್ಲ, ಕೊನೆಗೆ ಅವರೇ ಹೇಳಿದರು: "ಮೇಲೆ ಎಷ್ಟು ಹೊದಿಸಿದರೇನು, ಕೆಳಗೆ ಹಾಸುವುದನ್ನು ನೋಡು." ಅವರದು ನವಾರದ ಮಂಚ. ಪಟ್ಟಿಗಳ ನಡುವೆ ಗಾಳಿ ಆಡುತ್ತದೆ, ಮೈಭಾರಕ್ಕೆ ಗಾದಿಯ ಹತ್ತಿ ಅದುಮಿ ತೆಳುವಾಗಿರುತ್ತದೆ. ಹೊದಿಕೆ ಎಷ್ಟಿದ್ದರೂ ಬಿಸಿ ಕೆಳಗಿನಿಂದ ಸೋರುತ್ತದೆ. ನವಾರದ ಮೇಲೆ ಒಂದು ಕರಿ ಕಂಬಳಿ, ಅದರ ಮೇಲೆ ಗಾದಿ, ಗಾದಿಯ ಮೇಲೆ ಅವರೇ ಹಳೆಯ ಇಳಕಲ್ ಸೀರೆಗಳನ್ನು ಏಳು ಪದರ ಸೇರಿಸಿ ಹೊಲಿದ ಕೌದಿ ಹಾಸಿದೆ. ಆ ರಾತ್ರಿ ಹೀಟರ್ ಕೇಳಲಿಲ್ಲ. ಇಷ್ಟು ದಿನ ಆ ಕೌದಿ ಟ್ರಂಕಿನಲ್ಲಿತ್ತು, ಹೀಟರಿಗೆ ನಾವು ಅಂಗಡಿಗೆ ಹೋಗಿದ್ದೆವು.

ಮೊಣಕಾಲಿಗೆ ಬಿಸಿನೀರಿನ ರಬ್ಬರ್ ಚೀಲ ಕೊಡುತ್ತೇವೆ. ಎರಡು ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲಿನಷ್ಟು. ಹಾಸಿಗೆಯೊಳಗೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಇಲ್ಲಿ ನನ್ನದೊಂದು ತಪ್ಪಾಯಿತು. ಮೊದಲ ದಿನ ಕುದಿಯುವ ನೀರು ತುಂಬಿ ಬಟ್ಟೆ ಸುತ್ತದೆ ಕೊಟ್ಟೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಕಾಲಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಚರ್ಮ ಕೆಂಪಾಗಿತ್ತು. ಈಗ ಕುದಿ ಇಳಿದ ನೀರು, ಎರಡು ಸುತ್ತು ಟವೆಲ್ಲು, ನಿದ್ದೆ ಹತ್ತುವ ಮೊದಲು ಚೀಲ ಕಾಲಿನಿಂದ ದೂರ.

ಪಕ್ಕದ ಮನೆಯ ಅಜ್ಜಿ ಇದ್ದಿಲಿನ ಶೇಗಡಿ ಇಡಿ, ಖರ್ಚೇ ಇಲ್ಲ ಎಂದರು. ಅದೊಂದಕ್ಕೆ ನಾನು ಒಪ್ಪಲಿಲ್ಲ. ಸಂದಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಹೆಂಚಿನ ಮನೆಯ ಸೋರುವ ಕೋಣೆಯಲ್ಲಿ ಹಿಂದಿನವರಿಗೆ ನಡೆಯಿತು, ಈ ಕೋಣೆಯಲ್ಲಿ ನಡೆಯದು.

ಇನ್ನು ಸ್ನಾನದ ನೀರು. ನಮ್ಮ ಹಿತ್ತಿಲಲ್ಲಿ ಹಳೆಯ ಬಾವಿಯಿದೆ. ಚಳಿಗಾಲದ ಬೆಳಿಗ್ಗೆ ಬಾವಿಯ ನೀರು ಬೆಚ್ಚಗಿರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆ, ಅಳೆದಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ: ಮಾಳಿಗೆಯ ಪ್ಲಾಸ್ಟಿಕ್ ಟ್ಯಾಂಕಿನ ನೀರು 17 ಡಿಗ್ರಿ, ಆಗತಾನೇ ಸೇದಿದ ಕೊಡದ ನೀರು 24. ನಾವು ಸಂಜೆ ಪಂಪು ಹಾಕಿ ಟ್ಯಾಂಕ್ ತುಂಬಿಸಿ, ರಾತ್ರಿಯೆಲ್ಲ ಆಕಾಶದ ಕೆಳಗೆ ತಣಿಸಿ, ಬೆಳಿಗ್ಗೆ ಅದನ್ನೇ ದುಡ್ಡು ಕೊಟ್ಟು ಕಾಯಿಸುತ್ತಿದ್ದೆವು! ಮೈಗೆ ಬೇಕಾದದ್ದು 40 ಡಿಗ್ರಿ. 17ರಿಂದ ಏರಬೇಕಾದದ್ದು 23 ಡಿಗ್ರಿ, 24ರಿಂದಾದರೆ 16 ಮಾತ್ರ. ಈಗ ರಾತ್ರಿ ಟ್ಯಾಂಕ್ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಬೆಳಿಗ್ಗೆ ಪೌಣೇ ಆರಕ್ಕೆ ಹತ್ತು ನಿಮಿಷ ಪಂಪು. ಮೂವರ ಮೂರು ಬಕೆಟ್ಟಿಗೆ ದಿನಕ್ಕೆ ಅರ್ಧ ಯೂನಿಟ್ ಉಳಿಯುತ್ತದೆ. ಒಂದು ದಿನ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗಿ, ಮಗ ತಲೆಗೆ ಸೋಪು ಹಚ್ಚಿಕೊಂಡು ನಿಂತ. ಅಂದಿನಿಂದ ಎರಡು ಕೊಡ ನೀರು ಬಚ್ಚಲಲ್ಲಿ ಇಟ್ಟಿರುತ್ತೇನೆ.

ಅತ್ತೆ ಮಧ್ಯಾಹ್ನ ಹನ್ನೆರಡಕ್ಕೆ ಸ್ನಾನ ಮಾಡಿದರೆ ಗೀಸರೇ ಬೇಡ, ಬಿಸಿಲಿಗಿಟ್ಟ ಬಕೆಟ್ಟಿಗೆ ಒಂದು ಚೊಂಬು ಬಿಸಿನೀರು ಸಾಕು. ಆದರೆ ಮೈ ತೊಳೆಯದೆ ದೇವರ ದೀಪ ಹಚ್ಚುವುದು ಅವರಿಂದ ಆಗದು. ವಾರವೆಲ್ಲ ಮಾತಾಯಿತು. ಈಗ ಬೆಳಗಿನ ದೀಪ ನನ್ನದು, ಮಧ್ಯಾಹ್ನದ ನೈವೇದ್ಯ ಅವರದು. ಸೋಮವಾರ ಮಾತ್ರ ನಸುಕಿನಲ್ಲೇ ಸ್ನಾನ, ಅದಕ್ಕೆ ಚರ್ಚೆಯಿಲ್ಲ.

ಗೀಸರಿನ ಒಳಗೆ ಸುಣ್ಣ ಕಟ್ಟಿದೆ, ಅದಕ್ಕೇ ಬಿಲ್ಲು ಏರಿದ್ದು, ಹೊಸದು ಕೊಳ್ಳಿ ಎಂದು ರಿಪೇರಿಯವನು ಹೇಳಿದ್ದ. ಕಾಯಿಲು ನೀರಿನಲ್ಲೇ ಮುಳುಗಿರುವಾಗ ಅದರ ಬಿಸಿ ನೀರಿಗಲ್ಲದೆ ಬೇರೆಲ್ಲಿಗೆ ಹೋದೀತು? ಸುಣ್ಣದಿಂದ ಕಾಯಿಲು ಬೇಗ ಸುಡುತ್ತದೆ, ಬಿಲ್ಲು ಅಷ್ಟೇನೂ ಏರುವುದಿಲ್ಲ. ಸುಣ್ಣ ಕೆರೆಸಿ ಅದನ್ನೇ ಇಟ್ಟುಕೊಂಡೆವು. ಸೋಲಾರ್ ನೀರು ಕಾಯಿಸುವ ಸಾಧನ ನಮ್ಮ ಊರಿನ ತಿಳಿಯಾದ ಚಳಿಗಾಲದ ಬಿಸಿಲಿಗೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ಮಾಳಿಗೆಯ ದಕ್ಷಿಣಕ್ಕೆ ಮೂರು ಅಂತಸ್ತಿನ ಕಟ್ಟಡ ಎದ್ದಿದೆ, ಹಾಗಾಗಿ ಆ ಮಾತು ಬಿಟ್ಟೆವು.

2025ರ ಡಿಸೆಂಬರಿನ ಬಳಕೆ 134 ಯೂನಿಟ್. ಕಟ್ಟಿದ್ದು ಹೆಚ್ಚಿನ 11 ಯೂನಿಟ್ಟಿಗೆ ಮಾತ್ರ. ಆ ತಿಂಗಳು ಅತ್ತೆಗೆ ಜ್ವರ ಬಂದ ಎರಡು ರಾತ್ರಿ ಅಟ್ಟದಿಂದ ಹೀಟರ್ ಇಳಿಸಿದ್ದೆವು, ಮೂರು ಮೂರು ಗಂಟೆ, ಆರು ಯೂನಿಟ್. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಗ ಅತ್ತೆ "ನನ್ನ ಹೆಸರಿಗೆ ಎಷ್ಟು ಬರೆದೆ?" ಎಂದು ಕೇಳಿದರು. ಮುಂದಿನ ಕೋಣೆಯ ಹೆಂಚಿನ ಸಂದಿ ಇನ್ನೂ ಹಾಗೆಯೇ ಇದೆ. ಈಗ ಅಲ್ಲಿ ಮಲಗುವುದು ನಾನು ಮತ್ತು ನನ್ನ ಯಜಮಾನರು. ಅತ್ತೆ ನಮಗೊಂದು ಕೌದಿ ಹೊಲಿಯುತ್ತಿದ್ದಾರೆ, ನಾಲ್ಕನೆಯ ಪದರ ನಡೆದಿದೆ.